ನಿಮ್ಮ ಅರ್ಜಿ ಯಾವ ಜರಡಿಯಲ್ಲಿ ಉಳಿಯಿತು?

“ದೊಡ್ಡಮ್ಮಾ, ನೂರಾ ನಲವತ್ತು ಕಡೆ ಅಪ್ಲೈ ಮಾಡಿದೀನಿ. ಬೇಡ ಅಂತಾನೂ ಒಬ್ರೂ ಹೇಳ್ತಿಲ್ಲ.”

ಹಾಸನದಲ್ಲಿರುವ ತಂಗಿಯ ಮಗಳು ಕಳೆದ ವರ್ಷ ಫೋನಿನಲ್ಲಿ ಹೀಗೆಂದಾಗ ನನಗೆ ಆಶ್ಚರ್ಯವಾಗಲಿಲ್ಲ. ಬೆಂಗಳೂರಿನ ಕಂಪನಿಗಳ ನೇಮಕಾತಿ ವಿಭಾಗದಲ್ಲಿ ವರ್ಷಗಟ್ಟಲೆ ಮೇಜಿನ ಆಚೆ ಬದಿಯಲ್ಲಿ ಕೂತವಳು ನಾನು. ಅವಳದು ಎಲೆಕ್ಟ್ರಾನಿಕ್ಸ್ ಬಿಇ, ಅಂಕವೂ ಪರವಾಗಿಲ್ಲ. ಆದರೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಗಿತ್ತು. ನಿಮ್ಮ ಮನೆಯಲ್ಲೂ ಇಂಥ ಮಗನೋ ಮಗಳೋ ಇದ್ದರೆ, ಅಥವಾ ಅದು ನೀವೇ ಆಗಿದ್ದರೆ, ಇನ್ನೊಂದು ಅರ್ಜಿ ಹಾಕುವ ಮೊದಲು ಇದನ್ನು ಓದಿ.

ದೊಡ್ಡ ಕಂಪನಿಯವರು ನನ್ನನ್ನು ಹುಡುಕುತ್ತಿದ್ದಾರೆ ಎಂದುಕೊಂಡು ನಾವು ಅರ್ಜಿ ಹಾಕುತ್ತೇವೆ. ಅವರು ಮಾಡುತ್ತಿರುವುದು ಹುಡುಕುವ ಕೆಲಸವಲ್ಲ, ಸೋಸುವ ಕೆಲಸ. ಇದೊಂದು ಅರ್ಥವಾದರೆ ಉಳಿದದ್ದೆಲ್ಲ ಸಲೀಸು.

ಅಜ್ಜಿಯ ಮೊರ, ಕಂಪನಿಯ ಮೊರ

ಅಜ್ಜಿ ಅಕ್ಕಿ ಹಸನು ಮಾಡುತ್ತಿದ್ದುದನ್ನು ನೆನಪಿಸಿಕೊಳ್ಳಿ. ಮೊದಲು ಮೊರದಲ್ಲಿ ಕೇರಿ ಹೊಟ್ಟು ಹಾರಿಸುತ್ತಿದ್ದಳು. ಆಮೇಲೆ ಜರಡಿ ಹಿಡಿದು ನುಚ್ಚು ಬೇರೆ ಮಾಡುತ್ತಿದ್ದಳು. ಕೊನೆಗೆ ಬೆಳಕಿಗೆ ಕೂತು ಕಣ್ಣಿಟ್ಟು ಕಲ್ಲು ಆರಿಸುತ್ತಿದ್ದಳು. ಕಡಿಮೆ ಶ್ರಮದ ಕೆಲಸ ಮೊದಲು, ಹೆಚ್ಚು ಗಮನ ಬೇಡುವ ಕೆಲಸ ಕೊನೆಗೆ. ಕೇರುವಾಗ ಅವಳು ಒಂದೊಂದು ಕಾಳನ್ನೂ ನೋಡುತ್ತಿರಲಿಲ್ಲ. ಹೊಟ್ಟಿನ ಜೊತೆ ನಾಲ್ಕು ಒಳ್ಳೆಯ ಕಾಳೂ ಹಾರಿಹೋಗುತ್ತಿದ್ದವು. ಅದಕ್ಕೆ ಅವಳು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ.

ದೊಡ್ಡ ಕಂಪನಿಯ ನೇಮಕಾತಿಯೂ ಇದೇ ಕ್ರಮದಲ್ಲಿ ನಡೆಯುತ್ತದೆ. ಹಿಂದೆ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು, ಅಂಚೆಯಲ್ಲಿ ಬಂದ ಅರ್ಜಿಗಳನ್ನು ಗುಮಾಸ್ತರು ವಿಂಗಡಿಸುತ್ತಿದ್ದರು. 1997ರಲ್ಲಿ ನೌಕ್ರಿ ಡಾಟ್ ಕಾಮ್, 2003ರಲ್ಲಿ ಲಿಂಕ್ಡ್‌ಇನ್ ಶುರುವಾದವು. ಅರ್ಜಿ ಹಾಕುವುದು ಬೆರಳ ತುದಿಯ ಕೆಲಸವಾಯಿತು. ಒಂದು ಹುದ್ದೆಗೆ ಸಾವಿರಗಟ್ಟಲೆ ಅರ್ಜಿ ಬೀಳತೊಡಗಿದ ಮೇಲೆ ಮನುಷ್ಯರ ಕಣ್ಣು ಸಾಲದಾಗಿ, ಅರ್ಜಿ ಜೋಡಿಸಿಡುವ ತಂತ್ರಾಂಶ ಬಂತು. ಉದ್ಯಮದಲ್ಲಿ ಅದಕ್ಕೆ ಎಟಿಎಸ್ ಎನ್ನುತ್ತಾರೆ.

ಕಂಪನಿ ಮೊದಲು ಎಲ್ಲಿ ನೋಡುತ್ತದೆ?

ಹುದ್ದೆ ಖಾಲಿಯಾದ ಕೂಡಲೇ ಜಾಹೀರಾತು ಬರುವುದಿಲ್ಲ. ಖರ್ಚು ಮತ್ತು ಅಪಾಯ ಎಲ್ಲಿ ಕಡಿಮೆಯೋ ಅಲ್ಲಿಂದ ಹುಡುಕಾಟ ಶುರುವಾಗುತ್ತದೆ. ಸಾಮಾನ್ಯವಾಗಿ ಕ್ರಮ ಹೀಗಿರುತ್ತದೆ:

1. ಒಳಗಿನವರು. ಬೇರೆ ತಂಡದಲ್ಲಿರುವವರನ್ನೋ ಸದ್ಯ ಪ್ರಾಜೆಕ್ಟ್ ಇಲ್ಲದೆ ಬೆಂಚಿನಲ್ಲಿ ಕೂತವರನ್ನೋ ಮೊದಲು ಕೇಳುತ್ತಾರೆ.
2. ರೆಫರಲ್. ಕೆಲಸದಲ್ಲಿರುವವರು ಸೂಚಿಸಿದ ಹೆಸರುಗಳು. ಸೂಚಿಸಿದವರಿಗೆ ಕಂಪನಿಯೇ ಬೋನಸ್ ಕೊಡುತ್ತದೆ, ಏಕೆಂದರೆ ಏಜೆನ್ಸಿಗೆ ಕೊಡುವುದಕ್ಕಿಂತ ಅದು ಅಗ್ಗ.
3. ಹಳೆಯ ಅರ್ಜಿಗಳು. ಹಿಂದೆ ಕೊನೆಯ ಸುತ್ತಿನವರೆಗೆ ಬಂದು ಕೈತಪ್ಪಿದವರು.
4. ಕ್ಯಾಂಪಸ್. ಹೊಸಬರನ್ನು ಗುಂಪಿನಲ್ಲಿ ತೆಗೆದುಕೊಳ್ಳುವ ದಾರಿ. ಬೇಸಿಗೆಯ ಇಂಟರ್ನ್‌ಶಿಪ್‌ನಲ್ಲೇ ನೋಡಿ ಕೆಲಸ ಕೊಡುವುದೂ ಇದರಲ್ಲೇ ಸೇರುತ್ತದೆ.
5. ಪೋರ್ಟಲ್ ಮತ್ತು ಕಂಪನಿಯ ಜಾಲತಾಣ. ನಾವೆಲ್ಲ ಮುಗಿಬೀಳುವ ಬಾಗಿಲು.
6. ಕನ್ಸಲ್ಟೆನ್ಸಿ. ವಿಶೇಷ ಅನುಭವದವರು ಬೇಕಾದಾಗ, ಇಲ್ಲವೇ ತುರ್ತಾದಾಗ.

ನನ್ನ ತಂಗಿಯ ಮಗಳು ನೂರಾ ನಲವತ್ತು ಸಲವೂ ತಟ್ಟಿದ್ದು ಐದನೆಯ ಬಾಗಿಲನ್ನು ಮಾತ್ರ. ಅತಿ ಹೆಚ್ಚು ನೂಕುನುಗ್ಗಲು ಇರುವುದೂ ಅಲ್ಲೇ.

ಮೊದಲನೆಯ ಜರಡಿ: ಹೌದು–ಇಲ್ಲ ಪ್ರಶ್ನೆಗಳು

“ಕಂಪ್ಯೂಟರೇ ನನ್ನ ಅರ್ಜಿ ತಿರಸ್ಕರಿಸಿತು” ಎಂಬುದು ಅರ್ಧ ಸತ್ಯ. ತಂತ್ರಾಂಶ ತಾನಾಗಿ ಬದಿಗೆ ಸರಿಸುವುದು ಹೆಚ್ಚಾಗಿ ನೀವು ಫಾರಂನಲ್ಲಿ ತುಂಬಿದ ಉತ್ತರಗಳ ಮೇಲೆ. ಯಾವ ವರ್ಷ ಪದವಿ? ಬಾಕಿ ಉಳಿದ ವಿಷಯಗಳಿವೆಯೇ? ಹತ್ತನೆಯ ತರಗತಿ, ಪಿಯುಸಿ, ಪದವಿ ಮೂರರಲ್ಲೂ ಶೇಕಡಾ 60 ಇದೆಯೇ? ನೋಟಿಸ್ ಅವಧಿ ಎಷ್ಟು ದಿನ? ಇಲ್ಲಿ ಒಂದು ಉತ್ತರ ಹೊಂದದಿದ್ದರೂ ನಿಮ್ಮ ರೆಸ್ಯೂಮೆಯನ್ನು ಯಾರೂ ತೆರೆಯುವುದೇ ಇಲ್ಲ.

ಮಾಡಬೇಕಾದ್ದು:

1. ಅರ್ಹತೆಯ ಸಾಲನ್ನು ಮೊದಲು ಓದಿ. ಬ್ಯಾಕ್‌ಲಾಗ್ ಇರಬಾರದು ಎಂದಿದ್ದು ನಿಮಗೆ ಒಂದಿದ್ದರೆ, ಅಲ್ಲಿ ಕಳೆಯುವ ಅರ್ಧ ಗಂಟೆಯನ್ನು ಆ ವಿಷಯ ಪಾಸಾಗಲು ಬಳಸಿ.
2. ಸಿಜಿಪಿಎಯನ್ನು ಶೇಕಡಾವಾರು ಅಂಕಕ್ಕೆ ಬದಲಿಸುವಾಗ ನಿಮ್ಮ ವಿಶ್ವವಿದ್ಯಾಲಯದ ಸೂತ್ರವನ್ನೇ ಬಳಸಿ. ಮುಂದೆ ದಾಖಲೆ ಪರಿಶೀಲನೆಯಲ್ಲಿ ಒಂದು ಅಂಕದ ವ್ಯತ್ಯಾಸವೂ ಪ್ರಶ್ನೆಯಾಗಬಹುದು.
3. ಪ್ರಕಟಣೆ ಬಂದ ಒಂದೆರಡು ದಿನದಲ್ಲೇ ಅರ್ಜಿ ಹಾಕಿ. ಸಾಕಷ್ಟು ಜನ ಸಿಕ್ಕ ಮೇಲೆ ನೇಮಕಾತಿಯವರು ಉಳಿದದ್ದನ್ನು ನೋಡುವ ಗೋಜಿಗೆ ಹೋಗುವುದಿಲ್ಲ.

ಎರಡನೆಯ ಜರಡಿ: ಹುಡುಕು ಪದ

ಮಿಕ್ಕ ಅರ್ಜಿಗಳನ್ನು ನೇಮಕಾತಿಯವರು ನಾವು ಗೂಗಲ್‌ನಲ್ಲಿ ಹುಡುಕುವಂತೆಯೇ ಹುಡುಕುತ್ತಾರೆ: “ಜಾವಾ, ಸ್ಪ್ರಿಂಗ್ ಬೂಟ್, ಬೆಂಗಳೂರು, 30 ದಿನದೊಳಗೆ ಸೇರಬಲ್ಲವರು.” ಈ ಪದಗಳು ನಿಮ್ಮ ರೆಸ್ಯೂಮೆಯಲ್ಲಿ ಇಲ್ಲದಿದ್ದರೆ, ಅಥವಾ ಇದ್ದರೂ ತಂತ್ರಾಂಶಕ್ಕೆ ಓದಲು ಬಾರದಿದ್ದರೆ, ಅವರ ಪಾಲಿಗೆ ನೀವು ಇಲ್ಲವೇ ಇಲ್ಲ.

ನಮ್ಮ ಹುಡುಗಿಯ ರೆಸ್ಯೂಮೆ ನೋಡಲು ಬಹಳ ಚೆಂದವಿತ್ತು. ಎರಡು ಅಂಕಣ, ಎಡಕ್ಕೆ ನೀಲಿ ಪಟ್ಟಿ, ದುಂಡನೆಯ ಫೋಟೊ, ಕೌಶಲಗಳಿಗೆ ಐದರಲ್ಲಿ ನಾಲ್ಕು ನಕ್ಷತ್ರ. ಅದನ್ನು ಪೂರ್ತಿ ಆಯ್ದು ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಅಂಟಿಸಲು ಹೇಳಿದೆ. ಬಂದದ್ದು ಹೀಗೆ: “ಪೈಥಾನ್ ಹಾಸನ 2024 ಎಂಬೆಡೆಡ್ ಸಿ ಶಟಲ್ ಕನ್ನಡ ಇಂಟರ್ನ್.” ಎರಡೂ ಅಂಕಣದ ಸಾಲುಗಳು ಹೆಣೆದುಕೊಂಡಿದ್ದವು. ನಕ್ಷತ್ರಗಳು ಮಾಯವಾಗಿದ್ದವು. ಚಿತ್ರದೊಳಗೆ ಕೂರಿಸಿದ್ದ ಫೋನ್ ನಂಬರು ಬಂದೇ ಇರಲಿಲ್ಲ! ಕರೆ ಮಾಡಬೇಕೆನ್ನಿಸಿದರೂ ಯಾರು ಹೇಗೆ ಮಾಡುತ್ತಾರೆ?

ಮಾಡಬೇಕಾದ್ದು:

1. ನೋಟ್‌ಪ್ಯಾಡ್ ಪರೀಕ್ಷೆ ಮಾಡಿ. ಅಂಟಿಸಿದಾಗ ಓದಲು ಬಂದರೆ ತಂತ್ರಾಂಶಕ್ಕೂ ಬಹುಪಾಲು ಓದಲು ಬರುತ್ತದೆ. ಒಂದೇ ಅಂಕಣ, ಸಾದಾ ಶೀರ್ಷಿಕೆ, ಹೊಸಬರಿಗೆ ಒಂದೇ ಪುಟ.
2. ಪ್ರಕಟಣೆಯ ಪದಗಳನ್ನೇ ಬಳಸಿ. ಅವರು “ಎಸ್‌ಕ್ಯೂಎಲ್” ಎಂದಿದ್ದರೆ ನೀವು “ಡೇಟಾಬೇಸ್ ಜ್ಞಾನ” ಎಂದಷ್ಟೇ ಬರೆದರೆ ಸಿಗುವುದಿಲ್ಲ. ಬಾರದ್ದನ್ನು ಮಾತ್ರ ಸೇರಿಸಬೇಡಿ, ನಾಲ್ಕನೆಯ ಜರಡಿಯಲ್ಲಿ ಅದು ಸಿಕ್ಕಿಬೀಳುತ್ತದೆ.
3. ಗುಣ ಬಿಡಿ, ಕೆಲಸ ಬರೆಯಿರಿ. “ಕಷ್ಟಪಟ್ಟು ದುಡಿಯುವವಳು, ತಂಡದಲ್ಲಿ ಹೊಂದಿಕೊಳ್ಳುವವಳು” ಎಂದು ಎಲ್ಲರೂ ಬರೆಯುತ್ತಾರೆ. ಅದರ ಬದಲು: “ತೋಟದ ಪಂಪ್‌ಸೆಟ್ಟಿಗೆ ಮಣ್ಣಿನ ತೇವ ನೋಡಿ ತಾನೇ ಆರುವ ಸ್ವಿಚ್ ಮಾಡಿದೆ, ಎಂಬೆಡೆಡ್ ಸಿಯಲ್ಲಿ ಕೋಡ್ ಬರೆದೆ, ಎರಡು ತಿಂಗಳು ಓಡಿಸಿ ನೋಡಿದೆ.” ಮುಂದೆ ಸಂದರ್ಶಕರು ಪ್ರಶ್ನೆ ಕೇಳುವುದು ಇಂಥ ಸಾಲು ಹಿಡಿದೇ.
4. ಪೋರ್ಟಲ್ ಪ್ರೊಫೈಲ್ ಹಳಸಲು ಬಿಡಬೇಡಿ. ಇತ್ತೀಚೆಗೆ ಸಕ್ರಿಯರಾಗಿದ್ದವರನ್ನು ಮಾತ್ರ ತೋರಿಸು ಎಂದು ಸೋಸುವ ಸೌಲಭ್ಯ ನೇಮಕಾತಿಯವರಿಗಿದೆ. ವಾರಕ್ಕೊಮ್ಮೆಯಾದರೂ ಲಾಗಿನ್ ಆಗಿ ಒಂದು ಸಾಲು ತಿದ್ದಿ.

ಒಳಬಾಗಿಲು: ರೆಫರಲ್

ಮೊದಲೆರಡು ಜರಡಿಯನ್ನು ಬಹುಮಟ್ಟಿಗೆ ದಾಟಿಸುವ ದಾರಿ ಇದು. ರೆಫರಲ್ ಎಂದರೆ ವಶೀಲಿಯಲ್ಲ. ವಶೀಲಿ ಕೆಲಸ ಕೊಡಿಸುತ್ತದೆ, ರೆಫರಲ್ ನಿಮ್ಮ ರೆಸ್ಯೂಮೆಯನ್ನು ಒಬ್ಬರ ಕಣ್ಣಿಗೆ ಬೀಳಿಸುತ್ತದೆ. ಮುಂದಿನ ಸುತ್ತುಗಳನ್ನೆಲ್ಲ ನೀವೇ ಗೆಲ್ಲಬೇಕು.

“ನಮಗೆ ಯಾರು ಗೊತ್ತು?” ಎನ್ನುವವರಿಗೆ ಒಂದು ಸಮಾಧಾನದ ಸಂಗತಿ. ಕೆಲಸದ ಸುದ್ದಿ ತರುವುದರಲ್ಲಿ ಆಪ್ತರಿಗಿಂತ ಮುಖಪರಿಚಯದವರ ಪಾತ್ರ ದೊಡ್ಡದು ಎಂದು ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ಬರೆದರು. ಲಿಂಕ್ಡ್‌ಇನ್‌ನ ಸುಮಾರು 2 ಕೋಟಿ ಬಳಕೆದಾರರ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶ 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದಾಗ ಆ ಮಾತಿಗೆ ಬಲ ಬಂತು. ಕಾರಣ ಸರಳ. ನಿಮ್ಮ ಗೆಳತಿಗೆ ಗೊತ್ತಿರುವುದು ನಿಮಗೂ ಗೊತ್ತಿರುತ್ತದೆ. ಎರಡು ವರ್ಷ ಹಿರಿಯರಾಗಿದ್ದ, ಒಂದೆರಡು ಸಲ ಮಾತಾಡಿಸಿದ್ದ ಸೀನಿಯರ್‌ಗೆ ಗೊತ್ತಿರುವುದು ಬೇರೆ.

ಕೇಳುವ ರೀತಿಯಲ್ಲಿ ಅರ್ಧ ಕೆಲಸವಿದೆ. “ಸರ್, ಯಾವುದಾದ್ರೂ ಜಾಬ್ ಇದ್ರೆ ಹೇಳಿ” ಎಂದರೆ ಯಾರಿಗೂ ಏನೂ ಮಾಡಲಾಗುವುದಿಲ್ಲ. ಹೀಗೆ ಬರೆಯಿರಿ:

“ನಮಸ್ತೆ ಅಕ್ಕ, ನಾನು ನಮ್ಮ ಕಾಲೇಜಿನ 2024ರ ಬ್ಯಾಚ್, ಇಸಿ ವಿಭಾಗ. ನಿಮ್ಮ ಕಂಪನಿಯಲ್ಲಿ ಟೆಸ್ಟ್ ಎಂಜಿನಿಯರ್ ಹುದ್ದೆ ಪ್ರಕಟವಾಗಿದೆ, ಅದರ ನಂಬರು ಕೆಳಗಿದೆ. ಅವರು ಕೇಳಿದ ಎಂಬೆಡೆಡ್ ಸಿಯಲ್ಲಿ ಒಂದು ಪ್ರಾಜೆಕ್ಟ್ ಮಾಡಿದ್ದೇನೆ. ರೆಸ್ಯೂಮೆ ಜೊತೆಗಿದೆ. ಸರಿ ಅನ್ನಿಸಿದರೆ ಮಾತ್ರ ರೆಫರ್ ಮಾಡುತ್ತೀರಾ?”

ಹುದ್ದೆಯ ನಂಬರಿದೆ, ಕಾರಣವಿದೆ, ಬೇಡ ಎನ್ನಲು ಅವಕಾಶವೂ ಇದೆ. ಓದಿದವರಿಗೆ ಎರಡು ನಿಮಿಷದ ಕೆಲಸ. ಒಂದು ಎಚ್ಚರಿಕೆ: ಹಲವು ಕಡೆ ನೀವೇ ಮೊದಲು ಅರ್ಜಿ ಹಾಕಿಬಿಟ್ಟರೆ ಆಮೇಲೆ ರೆಫರಲ್ ಲೆಕ್ಕಕ್ಕೆ ಬರುವುದಿಲ್ಲ. ಮೊದಲು ಕೇಳಿ, ಆಮೇಲೆ ಹಾಕಿ.

ಮೂರನೆಯ ಜರಡಿ: ಆನ್‌ಲೈನ್ ಪರೀಕ್ಷೆ

“ಎಲೆಕ್ಟ್ರಾನಿಕ್ಸ್ ಓದಿದವಳಿಗೆ ರೈಲು–ಸೇತುವೆ ಲೆಕ್ಕ ಯಾಕೆ?” ಎಂದು ಅವಳು ಸಿಡುಕಿದ್ದಳು. ದೊಡ್ಡ ಐಟಿ ಸೇವಾ ಕಂಪನಿಗಳು ಹೊಸಬರನ್ನು ತೆಗೆದುಕೊಳ್ಳುವುದು ಇಂದು ಗೊತ್ತಿರುವುದಕ್ಕಲ್ಲ, ನಾಳೆ ಕಲಿಯಬಲ್ಲರು ಎಂಬುದಕ್ಕೆ. ಮೈಸೂರಿನ ಇನ್ಫೊಸಿಸ್ ತರಬೇತಿ ಕ್ಯಾಂಪಸ್ ಕಟ್ಟಿದ್ದೇ ಈ ಲೆಕ್ಕದ ಮೇಲೆ: ಎಲ್ಲ ಶಾಖೆಯವರನ್ನೂ ತಂದು ತಿಂಗಳುಗಟ್ಟಲೆ ಕಲಿಸುವುದು. ಕಲಿಸುವ ಖರ್ಚು ದೊಡ್ಡದು, ಆದ್ದರಿಂದ ಬೇಗ ಕಲಿಯುವವರು ಬೇಕು. ಅಂಥವರನ್ನು ಸಾವಿರಾರು ಜನರಲ್ಲಿ ಅಗ್ಗವಾಗಿ ಗುರುತಿಸುವ ಸಾಧನ ಈ ಲೆಕ್ಕ, ತರ್ಕ, ಇಂಗ್ಲಿಷ್ ಪರೀಕ್ಷೆ.

ಸಣ್ಣ ಊರಿನವರಿಗೆ ಇದು ಶಾಪವಲ್ಲ, ವರ. ಟಿಸಿಎಸ್ 2018ರಲ್ಲಿ ತನ್ನ ರಾಷ್ಟ್ರೀಯ ಅರ್ಹತಾ ಪರೀಕ್ಷೆ ಶುರು ಮಾಡಿದ ಮೇಲೆ, ಕಂಪನಿ ಕಾಲಿಡದ ಕಾಲೇಜಿನವರೂ ಪರೀಕ್ಷೆ ಬರೆಯುವಂತಾಯಿತು. ಅಲ್ಲಿ ಅಂಕಕ್ಕೆ ತಕ್ಕಂತೆ ನಿಂಜಾ, ಡಿಜಿಟಲ್, ಪ್ರೈಮ್ ಎಂಬ ಬೇರೆ ಬೇರೆ ಸಂಬಳದ ಮೆಟ್ಟಿಲುಗಳಿವೆ. ಬಿಸಿಎ, ಬಿಎಸ್‌ಸಿಯವರಿಗೆ ಕೆಲಸದ ಜೊತೆಗೇ ಎಂಟೆಕ್ ಓದಿಸುವ ವಿಪ್ರೊದ ಯೋಜನೆಯೂ ಇದೆ.

ಮಾಡಬೇಕಾದ್ದು:

1. ದಿನಕ್ಕೆ ಒಂದು ಗಂಟೆ, ಗಡಿಯಾರ ಇಟ್ಟುಕೊಂಡೇ ಅಭ್ಯಾಸ ಮಾಡಿ. ಇಂಥ ಪರೀಕ್ಷೆಯಲ್ಲಿ ಹೆಚ್ಚಿನವರು ಸೋಲುವುದು ಉತ್ತರ ಬಾರದೆ ಅಲ್ಲ, ಹೊತ್ತು ಸಾಲದೆ.
2. ಪ್ರೋಗ್ರಾಮಿಂಗ್ ಸುತ್ತಿಗೆ ಒಂದೇ ಭಾಷೆ ಹಿಡಿದು ಗಟ್ಟಿ ಮಾಡಿಕೊಳ್ಳಿ.
3. ಮನೆಯಿಂದ ಬರೆಯುವುದಾದರೆ ಕ್ಯಾಮೆರಾ, ಮೈಕು, ನೆಟ್ ಹಿಂದಿನ ದಿನವೇ ನೋಡಿಕೊಳ್ಳಿ. ಪರದೆ ಬಿಟ್ಟು ಬೇರೆ ಕಿಟಕಿಗೆ ಹೋದರೆ, ಪಕ್ಕದಲ್ಲಿ ಯಾರೋ ಮಾತಾಡಿದರೆ, ತಂತ್ರಾಂಶ ಗುರುತು ಹಾಕಿಕೊಳ್ಳುತ್ತದೆ. ಕರೆಂಟು ಕೈಕೊಡುವ ಊರಾದರೆ ಯುಪಿಎಸ್ ಇರುವ ಕಡೆ ಕೂರಿ.

ನಾಲ್ಕನೆಯ ಜರಡಿ: ಸಂದರ್ಶನ

ಕಲ್ಲು ಆರಿಸುವ ಹಂತ ಇದು. ಒಬ್ಬ ಅನುಭವಿ ನೌಕರ ತನ್ನ ಕೆಲಸ ಬಿಟ್ಟು ನಿಮ್ಮೆದುರು ಒಂದು ಗಂಟೆ ಕೂರುತ್ತಾನೆ. ಹಾಗಾಗಿ ಕಂಪನಿಗಳು ಸಂದರ್ಶನವನ್ನು ಹರಟೆಯಾಗಲು ಬಿಡುವುದಿಲ್ಲ. ಮನಶ್ಶಾಸ್ತ್ರಜ್ಞರಾದ ಫ್ರಾಂಕ್ ಶ್ಮಿಟ್ ಮತ್ತು ಜಾನ್ ಹಂಟರ್ 1998ರಲ್ಲಿ 85 ವರ್ಷಗಳ ಸಂಶೋಧನೆ ಒಟ್ಟುಗೂಡಿಸಿ ನೋಡಿದರು. ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿ ಅಂಕ ಹಾಕುವ ಸಂದರ್ಶನ, ಮನಬಂದಂತೆ ಮಾತಾಡಿಸುವ ಸಂದರ್ಶನಕ್ಕಿಂತ ಚೆನ್ನಾಗಿ ಆರಿಸುತ್ತದೆ ಎಂಬುದು ಕಂಡುಬಂತು. ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು 2022ರಲ್ಲಿ ಮರುಲೆಕ್ಕ ಮಾಡಿದಾಗ ಅಂಥ ಸಂದರ್ಶನವೇ ಪಟ್ಟಿಯ ತುದಿಗೇರಿತು. ಗೂಗಲ್ ತನ್ನದೇ ಅಂಕಿಅಂಶ ತಿರುವಿಹಾಕಿ ಒಗಟಿನ ಪ್ರಶ್ನೆ ಕೈಬಿಟ್ಟಿತು, ನಾಲ್ಕು ಸಂದರ್ಶನ ಸಾಕೆಂದಿತು. ಅಮೆಜಾನ್‌ನಲ್ಲಿ ನೇಮಕ ಮಾಡುತ್ತಿರುವ ತಂಡಕ್ಕೆ ಸೇರದ ‘ಬಾರ್ ರೈಸರ್’ ಒಬ್ಬರು ಕೂತಿರುತ್ತಾರೆ. ತುರ್ತಿನಲ್ಲಿರುವ ಮ್ಯಾನೇಜರ್ ಸಿಕ್ಕವರನ್ನು ತೆಗೆದುಕೊಳ್ಳದಂತೆ ತಡೆಯುವುದು ಅವರ ಕೆಲಸ.

ನಿಮಗೆ ಇದರಿಂದ ತಿಳಿಯಬೇಕಾದ್ದು ಇಷ್ಟು: ಎದುರಿರುವವರ ಕೈಯಲ್ಲಿ ಅಂಕಪಟ್ಟಿ ಇದೆ. ತುಂಬಲು ಅವರಿಗೆ ಪುರಾವೆ ಬೇಕು. ಪುರಾವೆ ಕೊಡುವ ಸುಲಭ ಕ್ರಮ ನಾಲ್ಕು ಮೆಟ್ಟಿಲಿನದು: ಸಂದರ್ಭ ಏನಿತ್ತು, ನಿಮ್ಮ ಹೊಣೆ ಏನಿತ್ತು, ನೀವು ಏನು ಮಾಡಿದಿರಿ, ಏನಾಯಿತು.

1. ಕಾಲೇಜು, ಮನೆ, ಊರಹಬ್ಬದ ಸಮಿತಿ, ಎಲ್ಲಿಂದಾದರೂ ಐದು ನಿಜ ಪ್ರಸಂಗ ಬರೆದಿಟ್ಟುಕೊಳ್ಳಿ. ಒಂದು ಸೋತದ್ದು, ಒಂದು ಜಗಳ ಬಗೆಹರಿಸಿದ್ದು, ಒಂದು ಹೊಸದು ಕಲಿತದ್ದು ಇರಲಿ.
2. “ನಾವು ಮಾಡಿದೆವು” ಎಂದಷ್ಟಕ್ಕೇ ನಿಲ್ಲಿಸಬೇಡಿ. ನಾಲ್ವರ ಪ್ರಾಜೆಕ್ಟಿನಲ್ಲಿ ನಿಮ್ಮ ಪಾಲು ಯಾವುದು ಎಂದು ಹೇಳಿ.
3. ಗೊತ್ತಿಲ್ಲದ್ದಕ್ಕೆ “ಗೊತ್ತಿಲ್ಲ, ಆದರೆ ಹೀಗೆ ಯೋಚಿಸುತ್ತೇನೆ” ಎನ್ನಿ. ಬಾಯಿಗೆ ಬಂದದ್ದು ಹೇಳಿದರೆ ಇದ್ದ ಅಂಕವೂ ಹೋಗುತ್ತದೆ.
4. ಇಂಗ್ಲಿಷ್ ತೊಡರಿದರೆ ನಿಧಾನಿಸಿ, ಸಣ್ಣ ವಾಕ್ಯ ಬಳಸಿ. ಕನ್ನಡ ಮಾಧ್ಯಮದಿಂದ ಬಂದವರು ಕಂಪನಿಗಳ ತುಂಬ ಇದ್ದಾರೆ. ಕೇಳುವವರಿಗೆ ಬೇಕಾದ್ದು ಶೈಲಿಯಲ್ಲ, ಸ್ಪಷ್ಟತೆ.

ಕೊನೆಯ ಜರಡಿ: ದಾಖಲೆ, ಮತ್ತು ಸಂಬಳದ ಲೆಕ್ಕ

ಆಯ್ಕೆಯಾದ ಮೇಲೂ ಪೂರ್ವಾಪರ ಪರಿಶೀಲನೆ ಇರುತ್ತದೆ. ಅಂಕಪಟ್ಟಿಯನ್ನು ವಿಶ್ವವಿದ್ಯಾಲಯದಲ್ಲಿ ವಿಚಾರಿಸುತ್ತಾರೆ, ಹಿಂದಿನ ಕೆಲಸವನ್ನು ಭವಿಷ್ಯನಿಧಿಯ ಯುಎಎನ್ ದಾಖಲೆಯಲ್ಲಿ ತಾಳೆ ನೋಡುತ್ತಾರೆ. ಹಣ ಪಡೆದು ಸುಳ್ಳು ಅನುಭವ ಪತ್ರ ಮಾಡಿಕೊಡುವವರು ಬೆಂಗಳೂರಿನಲ್ಲಿದ್ದಾರೆ. ಅವರ ಹತ್ತಿರ ಹೋಗಬೇಡಿ. ಸೇರಿ ಎರಡು ವರ್ಷವಾದ ಮೇಲೆ ಸಿಕ್ಕಿಬಿದ್ದರೂ ಕೆಲಸ ಹೋಗುತ್ತದೆ.

ಆಫರ್‌ನಲ್ಲಿರುವ ಸಿಟಿಸಿಯನ್ನು (ಕಂಪನಿ ವರ್ಷಕ್ಕೆ ನಿಮಗಾಗಿ ಮಾಡುವ ಒಟ್ಟು ಖರ್ಚನ್ನು) ಹನ್ನೆರಡರಿಂದ ಭಾಗಿಸಿ ಮನೆಯವರಿಗೆ ಹೇಳಬೇಡಿ. ಉದಾಹರಣೆಗೆ ಸಿಟಿಸಿ 4,00,000 ರೂಪಾಯಿ. ಅದರಲ್ಲಿ ಸಾಧನೆ ನೋಡಿ ಕೊಡುವ ಮೊತ್ತ 30,000. ಮೂಲವೇತನ ತಿಂಗಳಿಗೆ 15,000 ಎಂದಿಟ್ಟುಕೊಂಡರೆ ಕಂಪನಿ ಕಟ್ಟುವ ಭವಿಷ್ಯನಿಧಿ ವರ್ಷಕ್ಕೆ 21,600, ಗ್ರಾಚ್ಯುಟಿ ಲೆಕ್ಕ ಸುಮಾರು 8,650. ಉಳಿದದ್ದು ತಿಂಗಳಿಗೆ ಸುಮಾರು 28,300. ನಿಮ್ಮ ಪಾಲಿನ ಭವಿಷ್ಯನಿಧಿ 1,800, ವೃತ್ತಿ ತೆರಿಗೆ 200 ಕಳೆದರೆ ಕೈಗೆ ಬರುವುದು 26,300ರ ಆಸುಪಾಸು. ಮನಸ್ಸಿನಲ್ಲಿ ಮಂಡಿಗೆ ತಿಂದದ್ದು 33,333!

ಹೆಚ್ಚಿನವರು ಮಾಡುವ ತಪ್ಪುಗಳು

- ಒಂದೇ ರೆಸ್ಯೂಮೆಯನ್ನು ಎಲ್ಲ ಹುದ್ದೆಗೂ ಕಳಿಸುವುದು. ಒಂದೇ ಕಂಪನಿಯ ಹತ್ತು ಬಗೆಯ ಹುದ್ದೆಗೆ ಅರ್ಜಿ ಹಾಕುವುದು. ಈ ಮನುಷ್ಯನಿಗೆ ಏನು ಬೇಕೆಂದು ಅವನಿಗೇ ಗೊತ್ತಿಲ್ಲ ಎಂಬ ಭಾವನೆ ಬರುತ್ತದೆ.
- ಐಟಿ ಸೇವಾ ಕಂಪನಿಗಳ ನಾಲ್ಕೈದು ಹೆಸರಿಗೇ ಅಂಟಿಕೊಳ್ಳುವುದು. ವಿದೇಶಿ ಕಂಪನಿಗಳು ಬೆಂಗಳೂರಿನಲ್ಲಿ ತಮ್ಮದೇ ಕೆಲಸಕ್ಕೆ ತೆರೆದ ಕೇಂದ್ರಗಳು ನೂರಾರಿವೆ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಹಾಕಿಕೊಟ್ಟ ದಾರಿ ಅದು.
- ಒಂದು ಆಫರ್ ಬಂದ ಕೂಡಲೇ ಹುಡುಕಾಟ ನಿಲ್ಲಿಸುವುದು. ಸೇರುವ ದಿನಾಂಕ ಮುಂದೂಡುತ್ತಲೇ ಹೋದ ಉದಾಹರಣೆಗಳಿವೆ.
- ಕರೆ ಬಂದಾಗ ಎತ್ತದಿರುವುದು, ಎತ್ತಿದರೆ ಬಸ್ಸಿನ ಗದ್ದಲದಲ್ಲೇ ಮಾತಾಡುವುದು. “ಹತ್ತು ನಿಮಿಷ ಬಿಟ್ಟು ಮಾಡಲೇ?” ಎಂದರೆ ಯಾರೂ ಬೇಸರಿಸುವುದಿಲ್ಲ.

ಎಚ್ಚರಿಕೆ: ಹಣ ಕೇಳಿದರೆ ಮುಗಿಯಿತು

ದೊಡ್ಡ ಕಂಪನಿ ಕೆಲಸ ಕೊಡಲು ನಿಮ್ಮಿಂದ ಹಣ ಕೇಳುವುದಿಲ್ಲ. “ಲ್ಯಾಪ್‌ಟಾಪ್ ಠೇವಣಿ”, “ತರಬೇತಿ ಶುಲ್ಕ”, “ದಾಖಲೆ ಪರಿಶೀಲನೆಗೆ 2,500” ಎಂಬ ಮಾತು ಬಂದರೆ ಅದು ಮೋಸ. ಇಮೇಲ್ ವಿಳಾಸದ ಕೊನೆಯಲ್ಲಿ ಕಂಪನಿಯ ಹೆಸರು ಸರಿಯಾಗಿದೆಯೇ, ಆ ಹುದ್ದೆ ಕಂಪನಿಯ ಜಾಲತಾಣದಲ್ಲಿದೆಯೇ ನೋಡಿ. ವಾಟ್ಸ್‌ಆ್ಯಪ್ ಚಾಟಿನಲ್ಲೇ ಸಂದರ್ಶನ ಮುಗಿಸಿ ಆಫರ್ ಕೊಟ್ಟರೆ ನಂಬಬೇಡಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ವಿದೇಶದ ಕೆಲಸವಾದರೆ 1983ರ ವಲಸೆ ಕಾಯ್ದೆಯಡಿ ಏಜೆಂಟ್ ನೋಂದಣಿಯಾಗಿದ್ದಾರೆಯೇ ಎಂದು ಇ–ಮೈಗ್ರೇಟ್ ತಾಣದಲ್ಲಿ ನೋಡಿ. ಡೇಟಾ ಎಂಟ್ರಿ ಕೆಲಸವೆಂದು ನಂಬಿಸಿ ಜನರನ್ನು ಕಾಂಬೋಡಿಯಾ, ಮ್ಯಾನ್ಮಾರ್‌ಗೆ ಒಯ್ದು ಸೈಬರ್ ವಂಚನೆಯ ಕೂಪಕ್ಕೆ ತಳ್ಳಿದ್ದಾರೆ.

ಒಂದು ನೋಟ್‌ಬುಕ್ ಇಡಿ

ಕೊನೆಯದಾಗಿ, ಎರಡು ರೂಪಾಯಿಯ ಪೆನ್ನಿನಿಂದ ಆಗುವ ಕೆಲಸ. ಪುಟದಲ್ಲಿ ಐದು ಗೆರೆ ಎಳೆಯಿರಿ: ಅರ್ಜಿ, ಕರೆ, ಪರೀಕ್ಷೆ, ಸಂದರ್ಶನ, ಆಫರ್. ಪ್ರತಿ ಕಂಪನಿಯ ಮುಂದೆ ಎಲ್ಲಿಯವರೆಗೆ ಹೋದಿರೆಂದು ಗುರುತು ಹಾಕಿ. ಮೂವತ್ತು ಸಾಲು ತುಂಬಿದಾಗ ರೋಗ ತಾನಾಗಿ ಕಾಣುತ್ತದೆ. ಕರೆಯೇ ಬರುತ್ತಿಲ್ಲವೇ? ರೆಸ್ಯೂಮೆ ತಿದ್ದಿ, ಬಾಗಿಲು ಬದಲಿಸಿ. ಪರೀಕ್ಷೆಯಲ್ಲಿ ನಿಲ್ಲುತ್ತಿದೆಯೇ? ರೆಸ್ಯೂಮೆ ಮುಟ್ಟಬೇಡಿ, ಗಡಿಯಾರ ಹಿಡಿಯಿರಿ. ಸಂದರ್ಶನದಲ್ಲಿ ಬೀಳುತ್ತಿದ್ದೀರಾ? ಐದು ಪ್ರಸಂಗಗಳನ್ನು ಗೆಳತಿಯ ಮುಂದೆ ಗಟ್ಟಿಯಾಗಿ ಹೇಳಿ ನೋಡಿ.

ನಮ್ಮ ಹುಡುಗಿಯ ನೋಟ್‌ಬುಕ್ಕಿನಲ್ಲಿ ಹೊಸ ರೆಸ್ಯೂಮೆಯ ಮೂವತ್ತು ಅರ್ಜಿಗೆ ಒಂಬತ್ತು ಪರೀಕ್ಷೆಯ ಕರೆ ಬಂದಿತ್ತು. ಒಂಬತ್ತೂ ಪರೀಕ್ಷೆಯ ಗೆರೆಯಲ್ಲೇ ನಿಂತಿದ್ದವು. ಈಗ ಬೆಳಿಗ್ಗೆ ಕಾಫಿಗೆ ಮೊದಲು ಒಂದು ಗಂಟೆ ರೈಲು–ಸೇತುವೆ ಲೆಕ್ಕ ಮಾಡುತ್ತಾಳೆ. ಕೆಲಸ ಇನ್ನೂ ಸಿಕ್ಕಿಲ್ಲ. ಮೊನ್ನೆ ಫೋನ್ ಮಾಡಿ ಹೇಳಿದಳು: “ದೊಡ್ಡಮ್ಮಾ, ಈ ಸಲ ಎರಡು ಕಡೆ ಪರೀಕ್ಷೆ ಗೆರೆ ದಾಟಿ ಇಂಟರ್‌ವ್ಯೂನಲ್ಲಿ ಬಿದ್ದೆ.”

ಎಲ್ಲಿ ಬಿದ್ದೆ ಎಂದು ಅವಳಿಗೆ ಗೊತ್ತಿತ್ತು. ನೂರಾ ನಲವತ್ತು ಅರ್ಜಿಯಲ್ಲಿ ಅವಳಿಗೆ ಸಿಗದೇ ಇದ್ದದ್ದು ಅದೇ.